ಅಜ್ಜಿಗೆ ಆರ್ಕೆಸ್ಟ್ರಾ ಅಂದರೇನು ಅಂತ ಹೇಳುವುದು ಹೇಗೆ?

ಇವತ್ತಿನ ನನ್ನ ಮಾತು ಇಲ್ಲೇ ಹುಟ್ಟಿ ಬೆಳೆದ ನಿಮಗಾಗಿ. ಅದರಲ್ಲೂ ಶಾಲೆಯಲ್ಲೋ ಊರಿನ ಯೂತ್ ಆರ್ಕೆಸ್ಟ್ರಾದಲ್ಲೋ ವಯಲಿನ್, ಚೆಲ್ಲೊ, ಫ್ಲೂಟ್, ಕ್ಲಾರಿನೆಟ್ ಹಿಡಿದು ಕೂರುವವರಿಗೆ. ನಿಮ್ಮ ಅಣ್ಣನೋ ತಂಗಿಯೋ ನುಡಿಸುತ್ತಿದ್ದು, ನೀವು ಕಾರಿನ ಹಿಂದಿನ ಸೀಟಿನಲ್ಲಿ ಹೋಂವರ್ಕ್ ಮಾಡುತ್ತ ಕಾಯುವವರಾಗಿದ್ದರೂ ಸರಿ, ಕೇಳಿ.

ಬೇ ಏರಿಯಾದ ಕನ್ನಡ ಮನೆಗಳಲ್ಲಿ ಬೇಸಿಗೆ ಶುರುವಾಗುವ ಹೊತ್ತಿಗೆ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಊರಿನಿಂದ ಅಜ್ಜಿ ತಾತ ಬಂದಿಳಿಯುತ್ತಾರೆ. ಅದೇ ಸುಮಾರಿಗೆ ನಿಮ್ಮ ಆರ್ಕೆಸ್ಟ್ರಾದ ವರ್ಷದ ಕೊನೆಯ ಕಛೇರಿ ಇರುತ್ತದೆ. ಅಜ್ಜಿ ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಕಾಲಿಗೆ ಶೂ ಹಾಕಿಕೊಂಡು ಬಂದು ಎರಡು ಗಂಟೆ ಅಲುಗಾಡದೆ ಕೂರುತ್ತಾರೆ. ಮುಗಿದ ಮೇಲೆ "ತುಂಬಾ ಚೆನ್ನಾಗಿತ್ತು ಪುಟ್ಟಾ" ಅನ್ನುತ್ತಾರೆ. ನೀವು "ಥ್ಯಾಂಕ್ಸ್ ಅಜ್ಜಿ" ಅನ್ನುತ್ತೀರಿ. ಅಲ್ಲಿಗೆ ಮುಗಿಯಿತು. ವರ್ಷವಿಡೀ ನೀವು ಬೆರಳು ಸವೆಸಿ ಕಲಿತದ್ದರ ಬಗ್ಗೆ ಅಷ್ಟೇ ಮಾತು. ಆಮೇಲೆ ವೀಸಾದ ಆರು ತಿಂಗಳು ಮುಗಿದು ಅವರು ಹೊರಟುಬಿಡುತ್ತಾರೆ.

ನನಗೆ ಇದು ದೊಡ್ಡ ನಷ್ಟ ಅನ್ನಿಸುತ್ತದೆ. ನಿಮ್ಮ ಮನೆಗೆ ಬರುವ ಅಜ್ಜಿಯರಲ್ಲಿ ಎಷ್ಟೋ ಜನ ಚಿಕ್ಕಂದಿನಲ್ಲಿ ಸಂಗೀತ ಪಾಠಕ್ಕೆ ಹೋದವರು, ರಾಮನವಮಿಯ ಕಛೇರಿಗಳಲ್ಲಿ ಜಮಖಾನದ ಮೇಲೆ ಕೂತು ರಾಗ ಗುರುತಿಸುವ ಪಂದ್ಯ ಕಟ್ಟಿದವರು. ಅವರ ಕಿವಿ ಚುರುಕಾಗಿದೆ. ನಿಮ್ಮ ಹತ್ತಿರ ಆ ಸಂಗೀತದ ಒಳಗಿನ ತಿಳಿವಳಿಕೆ ಇದೆ. ನಡುವೆ ಇಲ್ಲದಿರುವುದು ಹತ್ತಿಪ್ಪತ್ತು ಕನ್ನಡ ಮಾತು ಮಾತ್ರ. ಅಷ್ಟನ್ನು ನಾನು ಇವತ್ತು ಕೊಡುತ್ತೇನೆ.

ಮೊದಲು ಪದದ ತೊಡಕು ಬಿಡಿಸೋಣ. "ಅಜ್ಜಿ, ನಾನು ಆರ್ಕೆಸ್ಟ್ರಾದಲ್ಲಿದ್ದೀನಿ" ಎಂದು ನೀವು ಫೋನಿನಲ್ಲಿ ಹೇಳಿದಾಗ ಅವರ ಕಣ್ಣ ಮುಂದೆ ಬರುವುದು ಬೇರೆಯೇ ಚಿತ್ರ. ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣೇಶನ ಪೆಂಡಾಲಿನ ಪಕ್ಕ ರಾತ್ರಿ ಎಂಟಕ್ಕೆ ಶುರುವಾಗುವ ಕಾರ್ಯಕ್ರಮ. ಕೀಬೋರ್ಡು, ರಿದಂ ಪ್ಯಾಡು, ಮಿಣುಕುವ ದೀಪ, ರಾಜ್‌ಕುಮಾರ್ ಹಾಡು ಹಾಡುವ ಒಬ್ಬರು, ಮುಂದಿನ ಸಾಲಿನಿಂದ "ಒನ್ಸ್ ಮೋರ್". ಅದೂ ಒಳ್ಳೆಯ ಮಜವೇ, ಆದರೆ ನೀವು ಮಾಡುವುದು ಅದಲ್ಲ. ಹಾಗಾಗಿ "ವಾದ್ಯವೃಂದ" ಅನ್ನಿ. ಆಕಾಶವಾಣಿ ಕೇಳಿ ಬೆಳೆದವರಿಗೆ ಈ ಪದ ಕೂಡಲೇ ಹತ್ತುತ್ತದೆ. ದೆಹಲಿಯ ಆಕಾಶವಾಣಿ 1952ರಲ್ಲಿ ರಾಷ್ಟ್ರೀಯ ವಾದ್ಯವೃಂದವನ್ನೇ ಕಟ್ಟಿತ್ತು. ಪಂಡಿತ್ ರವಿಶಂಕರ್ ಅದಕ್ಕೆ ಸಂಗೀತ ಸಂಯೋಜಿಸಿ ನಡೆಸುತ್ತಿದ್ದರು. ಇನ್ನೊಂದು ಪದವೂ ಜಾರುವಂಥದು. ಕಂಡಕ್ಟರ್ ಅಂದರೆ ಅಜ್ಜಿಗೆ ಬಸ್ಸಿನಲ್ಲಿ ಟಿಕೆಟ್ ಹರಿಯುವವರು. ಅವರ ಬಗ್ಗೆ ಮುಂದೆ ಹೇಳುತ್ತೇನೆ.

ಈ ಯೂತ್ ಆರ್ಕೆಸ್ಟ್ರಾಗಳು ಎಲ್ಲಿಂದ ಬಂದವು? ಅಮೆರಿಕದ ಅತಿ ಹಳೆಯದು ಒರೆಗಾನ್‌ನ ಪೋರ್ಟ್‌ಲ್ಯಾಂಡ್‌ನದು, 1924ರಲ್ಲಿ ಶುರುವಾದದ್ದು. ಅದರ ಬೇರು ಇನ್ನೂ ಹಿಂದಕ್ಕೆ, ಬರ್ನ್ಸ್ ಎಂಬ ಒಣಭೂಮಿಯ ಪುಟ್ಟ ಊರಿಗೆ ಹೋಗುತ್ತದೆ. ಅಲ್ಲಿ ಮೇರಿ ಡಾಡ್ಜ್ ಎಂಬ ವಯಲಿನ್ ಶಿಕ್ಷಕಿ ಊರಿನ ಮಕ್ಕಳನ್ನು ಸೇರಿಸಿ "ಸೇಜ್‌ಬ್ರಷ್ ಸಿಂಫನಿ" ಕಟ್ಟಿದ್ದರು. ಸೇಜ್‌ಬ್ರಷ್ ಅಂದರೆ ಆ ಬಯಲಿನಲ್ಲಿ ಬೆಳೆಯುವ ಕುರುಚಲು ಗಿಡ. ಪೋರ್ಟ್‌ಲ್ಯಾಂಡ್‌ನ ಮಕ್ಕಳ ವಾದ್ಯವೃಂದವನ್ನು ಕೇಳಿ ಬಂದ ಬರ್ಕ್ಲಿಯ ಕ್ಲಾರಾಬೆಲ್ ಬೆಲ್ ಎಂಬ ಹವ್ಯಾಸಿ ಹಾರ್ಪ್ ವಾದಕಿಗೆ ನಮ್ಮೂರಿಗೂ ಇಂಥದೊಂದು ಬೇಕು ಅನ್ನಿಸಿತು. ಹಾಗೆ 1936ರಲ್ಲಿ ಯಂಗ್ ಪೀಪಲ್ಸ್ ಸಿಂಫನಿ ಆರ್ಕೆಸ್ಟ್ರಾ ಹುಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ ಇದೇ ಹಿರಿಯದು. ಮೊದಲ ಅಭ್ಯಾಸಕ್ಕೆ ಬಂದವರು 24 ಮಕ್ಕಳು. ಆಮೇಲೆ 1952ರಲ್ಲಿ ಕ್ಯಾಲಿಫೋರ್ನಿಯಾ ಯೂತ್ ಸಿಂಫನಿ, 1963ರಲ್ಲಿ ಎಲ್ ಕಮಿನೊ ಯೂತ್ ಸಿಂಫನಿ, 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿಯವರದೇ ಯೂತ್ ಆರ್ಕೆಸ್ಟ್ರಾ. ಈ ಕೊನೆಯದರಲ್ಲಿ 12ರಿಂದ 21 ವರ್ಷದ ನೂರಕ್ಕೂ ಹೆಚ್ಚು ಮಂದಿ ಇರುತ್ತಾರೆ. ಆಯ್ಕೆಯಾದವರು ಶುಲ್ಕ ಕಟ್ಟಬೇಕಿಲ್ಲ. ದೊಡ್ಡವರು ನುಡಿಸುವ ಡೇವೀಸ್ ಹಾಲ್‌ನಲ್ಲೇ ಇವರೂ ನುಡಿಸುತ್ತಾರೆ.

ಒಂದು ವಿಷಯ ಅಜ್ಜಿಗೆ ಖಂಡಿತ ಹೇಳಿ: ಇದು "ಮಕ್ಕಳ ಕಾರ್ಯಕ್ರಮ" ಅಲ್ಲ. ದೊಡ್ಡವರು ನುಡಿಸುವ ಅದೇ ಕೃತಿ, ಅದೇ ಸ್ವರಲಿಪಿ, ಒಂದು ಸ್ವರವನ್ನೂ ಸುಲಭ ಮಾಡಿರುವುದಿಲ್ಲ.

ಇನ್ನು ಕಛೇರಿ. ದೀಪ ಮಬ್ಬಾಗುತ್ತದೆ, ಒಬೊ ವಾದ್ಯದವರು ಒಂದೇ ಒಂದು ಸ್ವರ ಉದ್ದಕ್ಕೆ ಊದುತ್ತಾರೆ. ಅದು "ಎ". ಸೆಕೆಂಡಿಗೆ 440 ಕಂಪನ, ಇಲ್ಲವೇ ಅದರ ಆಚೀಚೆ. ಎಲ್ಲರೂ ಅದಕ್ಕೆ ತಮ್ಮ ತಂತಿ ಸೇರಿಸಿಕೊಳ್ಳುತ್ತಾರೆ. ಅಜ್ಜಿಗೆ ಖುಷಿಯಾಗುತ್ತದೆ, ಶ್ರುತಿ ಮಾಡಿಕೊಳ್ಳುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಆಮೇಲೆ ಎಲ್ಲ ನಿಂತು ಸಭೆ ನಿಶ್ಶಬ್ದವಾಗುತ್ತದೆ. ಅಜ್ಜಿ ನಿಮ್ಮಮ್ಮನ ಕಿವಿಯಲ್ಲಿ ಕೇಳಬಹುದಾದ ಮೊದಲ ಪ್ರಶ್ನೆ ಇದೇ: "ಶ್ರುತಿ ಯಾಕೆ ನಿಲ್ಲಿಸಿಬಿಟ್ಟರು?"

ಬಹಳ ಒಳ್ಳೆಯ ಪ್ರಶ್ನೆ. ಎರಡು ಸಂಗೀತಗಳ ವ್ಯತ್ಯಾಸವೆಲ್ಲ ಇದರೊಳಗಿದೆ. ನಮ್ಮ ಕಛೇರಿಯಲ್ಲಿ ವರ್ಣದಿಂದ ಮಂಗಳದವರೆಗೆ ತಂಬೂರಿ ಮೀಟುತ್ತಲೇ ಇರುತ್ತದೆ. ಮಧ್ಯಮ ಶ್ರುತಿಯ ಹಾಡೊಂದು ಬಂದರೆ ಬಿಟ್ಟರೆ, ಮೂರು ಗಂಟೆ ಕಾಲ "ಸ" ಕೂತ ಜಾಗದಿಂದ ಕದಲುವುದಿಲ್ಲ. ಅದಕ್ಕೇ ಅದರ ಪೀಠ ಗಟ್ಟಿ, ಅದರ ಮೇಲೆ ಗಾಯಕರು ಎಷ್ಟು ದೂರ ಬೇಕಾದರೂ ಹಾರಬಹುದು. ಪಾಶ್ಚಾತ್ಯ ಸಂಗೀತದಲ್ಲಿ "ಸ"ವೇ ಎದ್ದು ಬೇರೆ ಕಡೆ ಹೋಗಿ ಕೂರುತ್ತದೆ. ಈಗ ಇದ್ದ "ಪ"ವೇ ಸ್ವಲ್ಪ ಹೊತ್ತಿಗೆ "ಸ" ಆಗಿಬಿಡಬಹುದು. ನೀವು ಕೀ ಬದಲಾಯಿತು ಅನ್ನುತ್ತೀರಲ್ಲ, ಅದೇ. ಅಜ್ಜಿಗೆ "ಗ್ರಹಭೇದದ ಹಾಗೆ, ಆದರೆ ಬೇಗ ವಾಪಸು ಬರಬೇಕೆಂಬ ಕಟ್ಟಿಲ್ಲ" ಅನ್ನಿ. ತಂಬೂರಿ ಇಟ್ಟರೆ ಎರಡು ನಿಮಿಷದಲ್ಲಿ ಅಪಶ್ರುತಿ. ಹಾಗಾಗಿ ಒಬೊ ಒಮ್ಮೆ ಕೊಟ್ಟ ಶ್ರುತಿಯನ್ನು ಪ್ರತಿಯೊಬ್ಬರೂ ಕಿವಿಯಲ್ಲೇ ಇಟ್ಟುಕೊಂಡು, ಪಕ್ಕದವರನ್ನು ಕೇಳಿಕೊಂಡು ಸರಿಪಡಿಸಿಕೊಳ್ಳುತ್ತ ಸಾಗಬೇಕು.

ಅಜ್ಜಿಯ ಎರಡನೆಯ ಪ್ರಶ್ನೆ ಕೈಗಳ ಬಗ್ಗೆ ಇರುತ್ತದೆ. ಹದಿನಾರು ವಯಲಿನ್‌ಗಳ ಕಮಾನುಗಳೂ ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ ಹೇಗೆ? ಮುಂದಿನ ಮೊದಲ ಕುರ್ಚಿಯವರು, ಅಂದರೆ ಕನ್ಸರ್ಟ್‌ಮಾಸ್ಟರ್, ಯಾವ ಸ್ವರಕ್ಕೆ ಕಮಾನು ಯಾವ ಕಡೆ ಎಂದು ಮೊದಲೇ ಗೊತ್ತುಮಾಡಿರುತ್ತಾರೆ, ಎಲ್ಲರೂ ತಮ್ಮ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿರುತ್ತಾರೆ. ಇಬ್ಬರಿಗೊಂದು ಸ್ಟ್ಯಾಂಡ್. ಸಭಿಕರ ಕಡೆ ಕೂತವರು ನುಡಿಸುತ್ತಲೇ ಇರುತ್ತಾರೆ, ಒಳಗಡೆ ಕೂತವರು ಪುಟ ತಿರುಗಿಸುತ್ತಾರೆ. ಪುಟ ತಿರುಗಿಸುವಾಗ ಒಂದೆರಡು ಸ್ವರ ಬಿಟ್ಟುಹೋದರೂ ಪರವಾಗಿಲ್ಲ, ಪಕ್ಕದವರು ಇದ್ದಾರೆ. ಎಲ್ಲದಕ್ಕೂ ನಾವೇ ಮುಂದೆ ಇರಬೇಕು ಅನ್ನುವ ನಮ್ಮ ಬೇ ಏರಿಯಾದ ಅಪ್ಪ ಅಮ್ಮಂದಿರಿಗೆ ಎರಡನೆಯ ವಯಲಿನ್ ಗುಂಪು ಅಂದರೆ ಏನೋ ಎರಡನೆಯ ದರ್ಜೆ ಅನ್ನಿಸುತ್ತದೆ. ಹಾಗಲ್ಲ ಎಂದು ನೀವೇ ಅವರಿಗೆ ತಿಳಿಸಬೇಕು. ಮೊದಲನೆಯ ಗುಂಪು ಹೆಚ್ಚಾಗಿ ರಾಗದ ಮೇಲುಗೆರೆ ಹಿಡಿದರೆ, ಎರಡನೆಯದು ಹಲವು ಸಲ ಒಳಗಿನ ಸ್ವರಗಳನ್ನು ತುಂಬುತ್ತದೆ. ಒಳಗಿನ ಸ್ವರ ತಪ್ಪಿದರೆ ಮೇಲಿನದು ಬೋಳಾಗಿ ಕೇಳಿಸುತ್ತದೆ.

ಇನ್ನು ಸುಮ್ಮನಿರುವವರು. ತಾಳವಾದ್ಯದ ಹುಡುಗಿ ಹಿಂದೆ ನಿಂತಿದ್ದಾಳೆ, ಹತ್ತು ನಿಮಿಷದಿಂದ ಏನೂ ಬಾರಿಸಿಲ್ಲ. ಅಜ್ಜಿಗೆ ಪಾಪ ಅನ್ನಿಸುತ್ತದೆ. ಅವಳು ಖಾಲಿ ಇಲ್ಲ, ಮನಸ್ಸಿನಲ್ಲೇ ಒಂದೊಂದೇ ಆವರ್ತ ಎಣಿಸುತ್ತಿದ್ದಾಳೆ ಎಂದು ಹೇಳಿ. ನೂರಾರು ಆವರ್ತ ಎಣಿಸಿ, ಸರಿಯಾದ ಜಾಗದಲ್ಲಿ ತಾಳದ ತಟ್ಟೆಗಳನ್ನು ಒಂದೇ ಒಂದು ಸಲ ತಟ್ಟಬೇಕು. ಒಂದು ಎಣಿಕೆ ಹೆಚ್ಚುಕಡಿಮೆಯಾದರೆ ಇಡೀ ಸಭೆಗೆ ಕೇಳುತ್ತದೆ. ಮೃದಂಗದವರು ತನಿ ಆವರ್ತನದ ಕೊನೆಯ ಮುಕ್ತಾಯಕ್ಕೆ ಲೆಕ್ಕ ಇಡುವುದನ್ನು ಬಲ್ಲ ಅಜ್ಜಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಕಂಡಕ್ಟರ್ ವಿಷಯ ಬಾಕಿ ಇದೆ. ನಿಮ್ಮ ಅಜ್ಜಿ ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡ, ಕಾಸರಗೋಡು ಕಡೆಯವರಾದರೆ ಕೆಲಸ ಸುಲಭ: ಯಕ್ಷಗಾನದ ಭಾಗವತರು ಅನ್ನಿ. ಪದ್ಯ ಎಲ್ಲಿ ಎತ್ತಬೇಕು, ವೇಗ ಎಷ್ಟು, ಚೆಂಡೆ ಯಾವಾಗ ಏರಬೇಕು, ವೇಷ ಯಾವಾಗ ನಿಲ್ಲಬೇಕು ಎಲ್ಲ ಅವರ ಕೈಯಲ್ಲಿ. ಅದಕ್ಕೇ ಭಾಗವತರನ್ನು ಮೊದಲನೆಯ ವೇಷ ಅನ್ನುತ್ತಾರೆ. ಒಂದೇ ವ್ಯತ್ಯಾಸ, ನಮ್ಮ ಭಾಗವತರು ಹಾಡುತ್ತಾರೆ, ಈ ಕಂಡಕ್ಟರ್ ಬಾಯಿ ಬಿಡುವುದಿಲ್ಲ. ವೇದಿಕೆಯ ಮೇಲೆ ಸದ್ದು ಮಾಡದ ಒಬ್ಬರೇ ಒಬ್ಬರು ಅವರು.

ಈಗ ನಿಜವಾದ ಒಂದು ಕಛೇರಿಯನ್ನೇ ಎತ್ತಿಕೊಳ್ಳೋಣ. 2012ರ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿಯ ಯೂತ್ ಆರ್ಕೆಸ್ಟ್ರಾ ಯುರೋಪ್ ಪ್ರವಾಸ ಹೋಯಿತು. ಡೊನಾಟೊ ಕಬ್ರೇರಾ ಆಗ ಅದರ ಕಂಡಕ್ಟರ್. ಬರ್ಲಿನ್‌ನ ಫಿಲ್ಹಾರ್ಮೊನಿ ಸಭಾಂಗಣದಲ್ಲಿ ಅವರು ಗುಸ್ತಾವ್ ಮಾಲರ್‌ನ ಮೊದಲ ಸಿಂಫನಿ ನುಡಿಸಿದರು. 1963ರಲ್ಲಿ ಕಟ್ಟಿದ ಆ ಸಭಾಂಗಣದಲ್ಲಿ ವೇದಿಕೆ ನಡುವೆ ಇದ್ದು ಸಭಿಕರು ಸುತ್ತಲೂ ಕೂರುತ್ತಾರೆ. ಮಾಲರ್ ಅವರ ಮನೆಯ ಸಂಗೀತ. ಅದನ್ನು ಅವರ ಊರಿಗೇ ಹೋಗಿ, ಹೈಸ್ಕೂಲು ಮುಗಿಸಿರದವರೂ ಇರುವ ತಂಡ ನುಡಿಸುವುದೆಂದರೆ, ಮೈಸೂರಿನ ಬಿಡಾರಕ್ಕೆ ಹೋಗಿ ಹದಿನೈದರ ಹುಡುಗ ತೋಡಿ ಹಾಡಿದ ಹಾಗೆ. ಆ ಕಛೇರಿಯ ಧ್ವನಿಮುದ್ರಿಕೆ ಹೊರಬಂದಿದೆ. ಒಂದು ಗಂಟೆಯೊಳಗೇ ಮುಗಿಯುತ್ತದೆ. ಒಂದು ಮಧ್ಯಾಹ್ನ ಅಜ್ಜಿಯ ಪಕ್ಕ ಸೋಫಾದಲ್ಲಿ ಕೂತು ಹಾಕಿ.

ಶುರುವಿನಲ್ಲಿ ಏನೂ ಇಲ್ಲವೇನೋ ಅನ್ನಿಸುತ್ತದೆ. ಬಹಳ ಸಣ್ಣಗೆ, ಎಲ್ಲ ತಂತಿವಾದ್ಯಗಳೂ ಒಂದೇ ಸ್ವರ ಹಿಡಿದಿವೆ. ಅದೇ ಎ, ಏಳು ಸ್ಥಾಯಿಗಳಲ್ಲಿ ಹರಡಿಕೊಂಡಿದೆ. ಅಜ್ಜಿ ತಲೆ ಎತ್ತುತ್ತಾರೆ: "ಅರೆ, ತಂಬೂರಿ!" ಹೌದು, ಹೆಚ್ಚುಕಡಿಮೆ ತಂಬೂರಿಯೇ. 1889ರಲ್ಲಿ ಬುಡಾಪೆಸ್ಟ್‌ನಲ್ಲಿ ಮೊದಲ ಸಲ ನುಡಿಸಿದಾಗ ಈ ಸ್ವರ ಮಾಲರ್‌ನ ಕಿವಿಗೆ ತೀರಾ ಗಟ್ಟಿಯಾಗಿ ಕೇಳಿಸಿತು. ಅವನಿಗೆ ಬೇಕಿದ್ದದ್ದು ಗಾಳಿ ಮಿನುಗುವಂಥ ಸದ್ದು. ಆಮೇಲೆ ತಂತಿಯನ್ನು ಒತ್ತದೆ ಬೆರಳನ್ನು ಹಗುರವಾಗಿ ಮುಟ್ಟಿಸಿ ನುಡಿಸುವಂತೆ, ಅಂದರೆ ಹಾರ್ಮೋನಿಕ್ಸ್ ಆಗಿ, ಬದಲಿಸಿದ. ತಂತಿಯ ಮೈಯಿಂದ ಬರುವ ಆ ತೆಳು ಸದ್ದಿನ ಗುಣ ತಂಬೂರಿಯ ಜೀವಾಳಿ ಹೊರಡಿಸುವ ಸ್ವರಗಳಿಗೆ ದೂರದ ನೆಂಟ.

ಈಗ ನೀವು ಒಂದು ಗುಟ್ಟು ಹೇಳಬಹುದು. ಈ ಕೃತಿಯ ಸ ಇರುವುದು "ಡಿ"ಯಲ್ಲಿ. ಹಾಗಾದರೆ ಎ ಅಂದರೆ? ಅಜ್ಜಿಯೇ ಬೆರಳು ಮಡಿಸಿ ಲೆಕ್ಕ ಹಾಕಲಿ: ಪ. ತಂಬೂರಿಯ ಪ-ತಂತಿ ಮಾತ್ರ ಮೀಟಿ ಸ ಕೊಡದೆ ಕೂರಿಸಿದ ಹಾಗಿದೆ. ಅದಕ್ಕೇ ಆ ಮೂರು ನಾಲ್ಕು ನಿಮಿಷ ಏನೋ ಬರಬೇಕು, ಇನ್ನೂ ಬಂದಿಲ್ಲ ಅನ್ನುವ ಕಾತರ. ದೂರದಿಂದ ಟ್ರಂಪೆಟ್ ಕೇಳುತ್ತದೆ. ಅವರನ್ನು ವೇದಿಕೆಯ ಆಚೆ ನಿಲ್ಲಿಸಿರುತ್ತಾರೆ. ಕ್ಲಾರಿನೆಟ್ ಕುಕೂ ಹಕ್ಕಿಯ ಕೂಗು ಹಾಕುತ್ತದೆ, ಮೇಲಿನ ಸ-ದಿಂದ ಪ-ಗೆ ಇಳಿಯುವ ಎರಡೇ ಸ್ವರ. ನಮ್ಮ ಕೋಗಿಲೆ ಕೂಗುತ್ತ ಕೂಗುತ್ತ ಮೇಲೇರುತ್ತದೆ. ಯುರೋಪಿನ ಕುಕೂ ಇಳಿಯುತ್ತದೆ. ಅಷ್ಟರಲ್ಲಿ ಚೆಲ್ಲೊಗಳು ಅದೇ ಎರಡು ಸ್ವರ ಹಿಡಿದು ಹಾಡಾಗಿ ನಡೆಯಲು ಶುರುಮಾಡುತ್ತವೆ, ಸ ಸಿಗುತ್ತದೆ. ಅಜ್ಜಿಯ ಮುಖ ನೋಡಿ ಆಗ.

ಎರಡನೆಯ ಭಾಗ ಹಳ್ಳಿ ಕುಣಿತ, ತಕಿಟ ತಕಿಟ ಎಂದು ತೊಡೆಯ ಮೇಲೆ ತಾಳ ಹಾಕಬಹುದು. ಇಲ್ಲೊಂದು ಚಮತ್ಕಾರ. ಮೊದಲ ಭಾಗದಲ್ಲಿ ಪ ಆಗಿದ್ದ ಆ ಎ ಸ್ವರವೇ ಇಲ್ಲಿ ಸ. ಶ್ರುತಿ ಯಾಕೆ ನಿಲ್ಲಿಸಿದರು ಎಂದು ಕೇಳಿದ ಅಜ್ಜಿಗೆ ಉತ್ತರ ಇಲ್ಲಿ ಕಿವಿಗೇ ಸಿಗುತ್ತದೆ.

ಮೂರನೆಯದು ನನಗೆ ಅತಿ ಇಷ್ಟವಾದ ಭಾಗ. ನಗಾರಿ ಮೆಲ್ಲಗೆ ಸ-ಪ ಸ-ಪ ಎಂದು ಹೆಜ್ಜೆ ಹಾಕುತ್ತದೆ. ಅದರ ಮೇಲೆ ಡಬಲ್ ಬಾಸ್ ಒಂಟಿಯಾಗಿ, ಸ್ವಲ್ಪ ಮುಜುಗರದಿಂದ, ಒಂದು ಧಾಟಿ ಎತ್ತುತ್ತದೆ. ನೀವು ಪ್ರೀಸ್ಕೂಲಿನಲ್ಲಿ ಹಾಡಿದ "ಫ್ರೇರ್ ಜಾಕ್" ಅದು! ಆದರೆ ಅಳುತ್ತಿದೆ. ಯಾಕೆ? ಮೂಲ ಹಾಡು ಶಂಕರಾಭರಣದ ಸ್ವರಗಳಲ್ಲಿದೆ. ಮಾಲರ್ ಅಂತರ ಗಾಂಧಾರ ತೆಗೆದು ಸಾಧಾರಣ ಗಾಂಧಾರ ಇಟ್ಟಿದ್ದಾನೆ, ದೈವತವನ್ನೂ ಇಳಿಸಿದ್ದಾನೆ. ಅಷ್ಟಕ್ಕೇ ಮಕ್ಕಳ ಹಾಡು ಶವಯಾತ್ರೆ ಆಗಿಬಿಟ್ಟಿತು. "ಹಾಗಾದರೆ ಇದು ನಟಭೈರವಿಯೋ ಕೀರವಾಣಿಯೋ?" ಎಂದು ಅಜ್ಜಿ ತಕರಾರು ತೆಗೆದರೆ, ಧಾಟಿಯಲ್ಲಿ ನಿಷಾದವೇ ಇಲ್ಲ, ಹಾಗಾಗಿ ಎರಡೂ ಸರಿ ಎಂದು ಹೇಳಿ ಪಾರಾಗಬಹುದು. ಒಂದು ವಾದ್ಯ ಶುರುಮಾಡಿದ್ದನ್ನು ಬಸೂನ್, ಚೆಲ್ಲೊ, ಟ್ಯೂಬಾ ಒಂದರ ಹಿಂದೊಂದು ಎತ್ತಿಕೊಂಡು ಮೆರವಣಿಗೆ ಬೆಳೆಯುತ್ತದೆ. ಮಕ್ಕಳ ಪುಸ್ತಕದ ಒಂದು ಚಿತ್ರ ಮಾಲರ್‌ನ ಮನಸ್ಸಿನಲ್ಲಿತ್ತು: ಬೇಟೆಗಾರ ಸತ್ತಿದ್ದಾನೆ, ಅವನ ಪೆಟ್ಟಿಗೆಯನ್ನು ಕಾಡಿನ ಪ್ರಾಣಿಗಳೇ ಹೊತ್ತು ಸಾಗುತ್ತಿವೆ. ನಡುವೆ ಬೀದಿ ಬ್ಯಾಂಡಿನ ಧಾಟಿಯೊಂದು ನುಗ್ಗಿ ಬರುತ್ತದೆ. ಮಾಲರ್ ಹುಡುಗನಾಗಿದ್ದಾಗ ತನ್ನೂರಿನಲ್ಲಿ ಸಿಪಾಯಿಗಳ ಬ್ಯಾಂಡ್, ಹಳ್ಳಿಯ ವಾದ್ಯ ಕೇಳಿ ಬೆಳೆದವನು. ಗಂಭೀರವಾದ ಸಿಂಫನಿಗೆ ಅದನ್ನೆಲ್ಲ ತಂದದ್ದು ಅಂದಿನ ಎಷ್ಟೋ ಸಭಿಕರಿಗೆ ರುಚಿಸಲಿಲ್ಲ.

ಈ ಭಾಗ ಬಹಳ ಮೆಲ್ಲಗೆ ಮುಗಿಯುತ್ತದೆ. ಅಜ್ಜಿಯ ಕೈಯಲ್ಲಿ ಕಾಫಿ ಲೋಟ ಇದ್ದರೆ ಈಗಲೇ ಕೆಳಗಿಡಿಸಿ. ಬಿಡುವು ಕೊಡದೆ ತಾಳದ ತಟ್ಟೆ ಅಪ್ಪಳಿಸಿ ನಾಲ್ಕನೆಯದು ಸಿಡಿಯುತ್ತದೆ. ಅದು ಶುರುವಾಗುವುದು ಎಲ್ಲೋ ದೂರದ ಇನ್ನೊಂದು ಸ-ದಲ್ಲಿ. ಇಪ್ಪತ್ತು ನಿಮಿಷ ಹೊಡೆದಾಡಿ, ಅಲೆದು, ಮೊದಲಿನ ಡಿ-ಗೆ ಮರಳುತ್ತದೆ. ಕೊನೆಯಲ್ಲಿ ಏಳು ಹಾರ್ನ್‌ಗಳವರೂ ಎದ್ದು ನಿಂತು ಊದಬೇಕೆಂದು ಸ್ವರಲಿಪಿಯಲ್ಲೇ ಬರೆದಿದೆ. ಧ್ವನಿಮುದ್ರಿಕೆಯಲ್ಲಿ ಅದು ಕಾಣುವುದಿಲ್ಲ, ನೀವು ಹೇಳಬೇಕು.

ನಿಮ್ಮಲ್ಲಿ ಕೆಲವರಿಗೆ ಇನ್ನೊಂದು ಗೊಂದಲ ಇದೆ ಎಂದು ಬಲ್ಲೆ. ಶನಿವಾರ ಕರ್ನಾಟಕ ಸಂಗೀತದ ಪಾಠ, ಭಾನುವಾರ ಆರ್ಕೆಸ್ಟ್ರಾ ಅಭ್ಯಾಸ. ಒಂದು ಕಡೆ ನೆಲದ ಮೇಲೆ ಕೂತು ವಯಲಿನ್ನಿನ ತಲೆಯನ್ನು ಪಾದದ ಮೇಲಿಟ್ಟು ಸ-ಪ-ಸ-ಪಕ್ಕೆ ಶ್ರುತಿ ಮಾಡಿ ಗಮಕ ಜಾರಿಸುವುದು. ಇನ್ನೊಂದು ಕಡೆ ಕುರ್ಚಿಯಲ್ಲಿ ಕೂತು, ಗದ್ದಕ್ಕೆ ಒತ್ತಿ, ಬರೆದದ್ದನ್ನು ಬರೆದ ಹಾಗೆ. ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಎಲ್ಲರೂ ಒಂದನ್ನು ಆರಿಸಿಕೋ ಅನ್ನುತ್ತಾರೆ. ಕಾಲೇಜು ಅರ್ಜಿಗೆ ಯಾವುದು ತೂಕ ಎಂಬ ಲೆಕ್ಕವೂ ನಡೆಯುತ್ತದೆ. ಸಮಯ ಸಾಲದೆ ಒಂದನ್ನು ಬಿಟ್ಟರೆ ಅದು ಬೇರೆ ಮಾತು. ಆದರೆ ಒಂದು ನಮ್ಮದು, ಇನ್ನೊಂದು ಅವರದು ಎಂಬ ಕಾರಣಕ್ಕೆ ಬಿಡಬೇಕಾಗಿಲ್ಲ. ಆ ಗೆರೆ ಎಂದೋ ಅಳಿಸಿಹೋಗಿದೆ.

ಸುಮಾರು 200 ವರ್ಷದ ಹಿಂದೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿಯನ್ ಒಬ್ಬರಿಂದ ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ತಂದರು. ಅಣ್ಣ ಅದೇ ಬ್ಯಾಂಡುಗಳ ಧಾಟಿಗೆ ಸಂಸ್ಕೃತ ಸಾಹಿತ್ಯ ಹಾಕಿದರು. ನಿಮ್ಮ ಪಾಠದಲ್ಲಿ ಬರುವ ನೋಟುಸ್ವರಗಳು ಅವೇ. ಮೈಸೂರಿನ ಹತ್ತಿರದ ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು ನಾಲ್ಕು ತಂತಿ ಸಾಲದೆಂದು ಏಳು ತಂತಿಯ ಪಿಟೀಲು ಮಾಡಿಕೊಂಡರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ನೀವು ನೋಡಿರಬಹುದು.

ಮೈಸೂರು ಅರಮನೆಯ ಕತೆಯಂತೂ ನಿಮಗೆ ಗೊತ್ತಿರಲೇಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗಳ ತಂಡವೂ ಇತ್ತು, ಕರ್ನಾಟಕ ವಾದ್ಯವೃಂದವೂ ಇತ್ತು. ಆಸ್ಥಾನದ ವೈಣಿಕ ವೆಂಕಟಗಿರಿಯಪ್ಪನವರು ನಗ್ಮಾ ಎಂಬ ಹೊಸ ಬಗೆಯ ವಾದ್ಯರಚನೆಗಳನ್ನು ಮಾಡಿದರು. ಇವತ್ತಿಗೂ ದಸರೆಯಲ್ಲಿ ಅರಮನೆಯ ಮುಂದೆ ಪೊಲೀಸ್ ಇಲಾಖೆಯ ಇಂಗ್ಲಿಷ್ ಬ್ಯಾಂಡ್ ಮತ್ತು ಕರ್ನಾಟಕ ವಾದ್ಯವೃಂದ ಎರಡೂ ನುಡಿಸುತ್ತವೆ. ಆ ಅರಮನೆಯಲ್ಲಿ ಬೆಳೆದ ಜಯಚಾಮರಾಜ ಒಡೆಯರು ಒಳ್ಳೆಯ ಪಿಯಾನೊ ವಾದಕರು. ಲಂಡನ್‌ನ ಫಿಲ್ಹಾರ್ಮೊನಿಯ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರು ಅವರೇ. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ರಚನಕಾರ ವಯಸ್ಸಾಗಿ, ಜನ ಮರೆತು, ಲಂಡನ್‌ನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸಲು ಹಣ ಕೊಟ್ಟದ್ದು ಮೈಸೂರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ.

1950ರ ಮೇ 22ರಂದು ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರೌಸ್‌ನ "ಕೊನೆಯ ನಾಲ್ಕು ಹಾಡುಗಳು" ಮೊದಲ ಸಲ ಕೇಳಿಬಂದವು. ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ನಡೆಸಿದರು. ಬರೆದವನು ಹಿಂದಿನ ವರ್ಷವೇ ತೀರಿಕೊಂಡಿದ್ದ. ಆ ಕಛೇರಿಯ ಖರ್ಚಿಗೆ 4,800 ಡಾಲರ್ ಖಾತರಿ ಕೊಟ್ಟವರು ಮೈಸೂರು ಮಹಾರಾಜರು. ಅದರ ಧ್ವನಿಮುದ್ರಣವನ್ನು ಮೈಸೂರಿಗೆ ಕಳಿಸುವ ಏರ್ಪಾಡೂ ಆಗಿತ್ತು. ಅದೇ ಮಹಾರಾಜರು ಮೈಸೂರು ವಾಸುದೇವಾಚಾರ್ಯರಲ್ಲಿ ಪಾಠ ಮಾಡಿ, ಶ್ರೀವಿದ್ಯಾ ಅಂಕಿತದಲ್ಲಿ 94 ಕರ್ನಾಟಕ ಕೃತಿಗಳನ್ನು ರಚಿಸಿದರು. ನಿಮ್ಮ ಆರ್ಕೆಸ್ಟ್ರಾದಲ್ಲಿ ಸ್ಟ್ರೌಸ್ ಬಂದ ದಿನ ಈ ಸಂಗತಿಯನ್ನು ಪಕ್ಕದ ಸ್ಟ್ಯಾಂಡಿನವರಿಗೂ ಹೇಳಿ, ಅವರಿಗೆ ಗೊತ್ತಿರುವ ಸಂಭವ ಕಡಿಮೆ.

ಒಡೆಯರು ಎರಡನ್ನೂ ಕಲಬೆರಕೆ ಮಾಡಲಿಲ್ಲ ಎಂಬುದು ನನಗೆ ಮೆಚ್ಚುಗೆಯಾದ ಸಂಗತಿ. ವಿವಾಲ್ಡಿ ನಾಲ್ಕು ಸಾಲು, ಡ್ರಮ್ಮು, ಹಿಂದೋಳ ನಾಲ್ಕು ಸಾಲು ಸೇರಿಸಿ ಫ್ಯೂಷನ್ ಅನ್ನುವುದು ನಮ್ಮ ವೇದಿಕೆಗಳಲ್ಲಿ ಈಗ ಬಹಳ. ಎರಡರ ಜೀವವೂ ಇರುವುದಿಲ್ಲ, ಚಪ್ಪಾಳೆ ಮಾತ್ರ ಇರುತ್ತದೆ. ಪ್ರತಿಯೊಂದನ್ನೂ ಅದರ ಜಾಗದಲ್ಲೇ ಪೂರ್ತಿ ಕಲಿಯಿರಿ. ಆರ್ಕೆಸ್ಟ್ರಾದಲ್ಲಿ ಹತ್ತು ವರ್ಷ ಕೂತವರಿಗೆ ಪಕ್ಕದವರನ್ನು ಕೇಳುವ ಅಭ್ಯಾಸ ಬಂದಿರುತ್ತದೆ, ಗಾಯಕರಿಗೆ ಪಿಟೀಲಿನ ಪಕ್ಕವಾದ್ಯ ನುಡಿಸುವಾಗ ಅದು ಒದಗುತ್ತದೆ. ರಾಗ ಆಲಾಪನೆ ಮಾಡಿದವರಿಗೆ ಬರೆದ ಸ್ವರದ ಒಳಗೂ ಉಸಿರು ತುಂಬುವುದು ಗೊತ್ತಿರುತ್ತದೆ.

ಚಪ್ಪಾಳೆ ಅಂದೆನಲ್ಲ, ಅದೊಂದು ಬಾಕಿ. ನಾಲ್ಕು ಭಾಗ ಮುಗಿಯುವವರೆಗೂ ತಟ್ಟಬಾರದು ಎಂದು ಹಾಲ್‌ಗೆ ಹೋಗುವ ಮೊದಲೇ ಅಜ್ಜಿಗೆ ಹೇಳಿಡಿ, ಪಾಪ, ಒಬ್ಬರೇ ತಟ್ಟಿ ಮುದುಡಿ ಕೂರುವುದು ಬೇಡ. ಆದರೆ ನಡುವೆ ಅವರ ಬಾಯಿಂದ "ಭಲೇ" ಬಂದರೆ ಗದರಬೇಡಿ. ಮಾಲರ್‌ನ ಕಾಲದವರೆಗೂ ಯುರೋಪಿನಲ್ಲೇ ಭಾಗಗಳ ನಡುವೆ ಚಪ್ಪಾಳೆ ತಟ್ಟುವುದು ಇತ್ತು. ಈ ಗಪ್‌ಚುಪ್ ಆಮೇಲೆ ಬಂದದ್ದು.

ಒಳಗೆ ಕೂರುವುದೇ ಕಷ್ಟವಾದರೆ ಬೇಸಿಗೆಯ ಭಾನುವಾರ ಸ್ಯಾನ್ ಫ್ರಾನ್ಸಿಸ್ಕೊದ ಸ್ಟರ್ನ್ ಗ್ರೋವ್‌ಗೆ ಕರೆದುಕೊಂಡು ಹೋಗಿ. ರೋಸಲಿ ಸ್ಟರ್ನ್ ಎಂಬವರು ತೀರಿಹೋದ ಗಂಡನ ನೆನಪಿಗೆ 1931ರಲ್ಲಿ ಊರಿಗೆ ಕೊಟ್ಟ ಜಾಗ ಅದು. ನೀಲಗಿರಿ ಮರಗಳ ನಡುವಿನ ತಗ್ಗಿನಲ್ಲಿ 1938ರಿಂದ ಉಚಿತ ಸಂಗೀತೋತ್ಸವ ನಡೆಯುತ್ತ ಬಂದಿದೆ, ಸಾಮಾನ್ಯವಾಗಿ ಒಂದು ಭಾನುವಾರ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿಯೂ ಬಂದು ನುಡಿಸುತ್ತದೆ. ಅಲ್ಲಿ ಮಾತಾಡಬಹುದು, ತಾಳ ಹಾಕಬಹುದು, ಡಬ್ಬಿ ಬಿಚ್ಚಿ ಪುಳಿಯೋಗರೆ ತಿನ್ನಬಹುದು. ಪ್ರವೇಶದ ಚೀಟಿ ಮೊದಲೇ ಕಾಯ್ದಿರಿಸಬೇಕೇ ಎಂದು ನೋಡಿಕೊಳ್ಳಿ. ಅಜ್ಜಿಗೆ ಮಡಿಸುವ ಕುರ್ಚಿಯೊಂದು ಇರಲಿ. ಫ್ರೀಮಾಂಟ್‌ನಲ್ಲೋ ಸ್ಯಾನ್ ಹೋಸೆಯಲ್ಲೋ ಸುಡುಬಿಸಿಲಿದ್ದರೂ ಸಮುದ್ರದ ಆ ಕಡೆ ಜುಲೈನಲ್ಲೂ ಮಂಜು ಇಳಿದಿರುತ್ತದೆ, ಶಾಲು ಎರಡು ತೆಗೆದುಕೊಳ್ಳಿ.